ಬಂದೂಕು ಹಿಡಿಯದೆಯೂ ಸೇನೆಯಲ್ಲಿ ಕೆಲಸ ಮಾಡಬಹುದು

(ಐಟಿಐ ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವ ಮುಂಚೆ ವರಾಂಡದಲ್ಲಿ ನಿಂತಿದ್ದ ಮೂವರು ಹುಡುಗರನ್ನು ಮಾತಾಡಿಸಿದೆ. ಮೂವರೂ ಎಲೆಕ್ಟ್ರಿಷಿಯನ್ ಟ್ರೇಡಿನವರು. "ಮಿಲಿಟರಿ ಕೆಲಸಕ್ಕೆ ಅರ್ಜಿ ಹಾಕ್ತೀರಾ?" ಅಂತ ಕೇಳಿದೆ. ಒಬ್ಬ "ನನಗೆ ಎತ್ತರ ಸಾಲಲ್ಲ ಸರ್" ಅಂದ. ಇನ್ನೊಬ್ಬ "ಅಮ್ಮ ಬಿಡಲ್ಲ, ಬಾರ್ಡರ್‌ಗೆ ಹಾಕ್ತಾರೆ ಅಂತ ಹೆದರ್ತಾಳೆ" ಅಂದ. ಮೂರನೆಯವನು ಮಾತೇ ಆಡಲಿಲ್ಲ. ತನ್ನ ಕನ್ನಡಕ ಮುಟ್ಟಿ ತೋರಿಸಿ ಸುಮ್ಮನಾದ.

ಈ ಮೂವರೂ ಮಾಡಬಹುದಾದ ಕೆಲಸ ಸೇನೆಯಲ್ಲಿದೆ. ನಾನು ಹೇಳುತ್ತಿರುವುದು ಸಿವಿಲಿಯನ್, ಅಂದರೆ ಸೈನಿಕರಲ್ಲದ ನೌಕರರ ಹುದ್ದೆಗಳನ್ನು. ಅಲ್ಲಿನ ಎಲೆಕ್ಟ್ರಿಷಿಯನ್ ಹುದ್ದೆಗೆ ಯಾರೂ ಎದೆಯಳತೆ ತೆಗೆಯುವುದಿಲ್ಲ. ಕನ್ನಡಕ ಅಡ್ಡ ಬರುವುದಿಲ್ಲ. ಕೈಗೆ ಬಂದೂಕೂ ಕೊಡುವುದಿಲ್ಲ. ನಾನು ಹಾಗೆ ಸೇರಿದವನು. ಮೇಟ್, ಅಂದರೆ ನುರಿತ ಕೆಲಸಗಾರನ ಸಹಾಯಕ ಅಂತ ಸೇರಿ, ಟ್ರೇಡ್ ಟೆಸ್ಟ್ ಅನ್ನುವ ಕೈಕೆಲಸದ ಪರೀಕ್ಷೆ ಪಾಸಾಗಿ, ಎಲೆಕ್ಟ್ರಿಷಿಯನ್ ಆಗಿ ನಿವೃತ್ತನಾದೆ. ಇಷ್ಟೂ ವರ್ಷ ಕಂಟೋನ್ಮೆಂಟಿನ ಒಳಗೇ ಕಳೆದೆ. ಊರಿಗೆ ಹೋದಾಗಲೆಲ್ಲ "ಯಾವ ಯುದ್ಧಕ್ಕೆ ಹೋಗಿದ್ದೆ?" ಅಂತ ಕೇಳುತ್ತಿದ್ದರು. ಯಾವುದಕ್ಕೂ ಹೋಗಿಲ್ಲ. ಆದರೆ ಮಿಲಿಟರಿ ಆಸ್ಪತ್ರೆಯ ಆಪರೇಷನ್ ಕೋಣೆಗೆ ರಾತ್ರಿ ಎರಡು ಗಂಟೆಗೆ ಕರೆಂಟು ಹೋದಾಗ ಜನರೇಟರ್ ಎಬ್ಬಿಸಿದ್ದು ನಾವೇ.

ಒಂದು ಕಂಟೋನ್ಮೆಂಟನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಲ್ಲಿ ಸಾವಿರಾರು ಸೈನಿಕರು, ಅವರ ಸಂಸಾರಗಳು. ಅವರಿಗೆ ನೀರು ಬೇಕು, ಕರೆಂಟು ಬೇಕು. ಸೋರುವ ಸೂರಿಗೆ ರಿಪೇರಿ ಆಗಬೇಕು. ಸ್ಟೋರಿನಲ್ಲಿ ಬೂಟಿನಿಂದ ಹಿಡಿದು ಟ್ಯಾಂಕಿನ ಬಿಡಿಭಾಗದ ತನಕ ಲೆಕ್ಕ ಇಡಬೇಕು. ಗಾಡಿಗಳು ವರ್ಕ್‌ಶಾಪಿನಿಂದ ಸರಿಯಾಗಿ ಹೊರಬರಬೇಕು. ಮದ್ದುಗುಂಡಿನ ಡಿಪೋಗೆ ಬೆಂಕಿ ಬೀಳದ ಹಾಗೆ ಕಾಯಬೇಕು. ಇದರಲ್ಲಿ ಬಹಳಷ್ಟು ಕೆಲಸ ಸಿವಿಲಿಯನ್ನರದು. ಸಂಬಳ ಬರುವುದು ರಕ್ಷಣಾ ಬಜೆಟ್ಟಿನಿಂದಲೇ. ನಿಯಮ ಮಾತ್ರ ಕೇಂದ್ರ ಸರ್ಕಾರಿ ನೌಕರರದು. ನಿವೃತ್ತಿ ವಯಸ್ಸು 60.

ನಾನಿದ್ದದ್ದು ಎಂಇಎಸ್‌ನಲ್ಲಿ, ಅಂದರೆ ಮಿಲಿಟರಿ ಎಂಜಿನಿಯರ್ ಸರ್ವಿಸಸ್. 1923ರ ಸೆಪ್ಟೆಂಬರ್ 26ಕ್ಕೆ ಶುರುವಾದದ್ದು. ಭೂಸೇನೆ, ನೌಕಾಪಡೆ, ವಾಯುಪಡೆ ಮೂರಕ್ಕೂ ಕಟ್ಟಡ, ನೀರು, ವಿದ್ಯುತ್ ನೋಡಿಕೊಳ್ಳುವ ಸಂಸ್ಥೆ. ಆದರೆ ಎಂಇಎಸ್ ಒಂದೇ ಅಲ್ಲ. ನಮ್ಮ ಕರ್ನಾಟಕವನ್ನೇ ನೋಡಿ. ಬೆಂಗಳೂರಿನ ಹಲಸೂರಿನಲ್ಲಿ 515 ಆರ್ಮಿ ಬೇಸ್ ವರ್ಕ್‌ಶಾಪ್ ಇದೆ. ಅದೇ ಊರಿನಲ್ಲಿ ಎಎಸ್‌ಸಿ, ಅಂದರೆ ಆರ್ಮಿ ಸರ್ವಿಸ್ ಕೋರ್‌ನ ಸೆಂಟರ್ ಇದೆ. ಅಡುಗೆಯವರು, ಡ್ರೈವರ್‌ಗಳು, ಫೈರ್‌ಮನ್‌ಗಳು ಬೇಕು ಅಂತ ಅಲ್ಲಿಂದ ಆಗಾಗ ಪ್ರಕಟಣೆ ಬರುತ್ತದೆ. ಜಾಲಹಳ್ಳಿ, ಯಲಹಂಕ, ಬೀದರ್, ಬೆಳಗಾವಿಯಲ್ಲಿ ವಾಯುಪಡೆಯ ನೆಲೆಗಳಿವೆ. ಕಾರವಾರದಲ್ಲಿ ನೌಕಾನೆಲೆ ಐಎನ್‌ಎಸ್ ಕದಂಬ, ಜೊತೆಗೆ ಹಡಗು ರಿಪೇರಿ ಯಾರ್ಡ್. ಬೆಂಗಳೂರಿನಲ್ಲಿ ರಕ್ಷಣಾ ಸಂಶೋಧನೆ ಮಾಡುವ ಡಿಆರ್‌ಡಿಒ ಪ್ರಯೋಗಾಲಯಗಳು ಹಲವು, ಮೈಸೂರಿನಲ್ಲೂ ಒಂದು. ಇಷ್ಟೆಲ್ಲ ಮಗ್ಗುಲಲ್ಲೇ ಇದ್ದೂ ನಮ್ಮ ಮಕ್ಕಳ ಅರ್ಜಿಗಳು ಕಡಿಮೆ. ನನಗೆ ಹೊಟ್ಟೆ ಉರಿಯುವುದು ಇಲ್ಲಿಯೇ.

ಯಾಕೆ ಕಡಿಮೆ? ಪರೀಕ್ಷೆ ಕಷ್ಟ ಅಂತಲ್ಲ. ಸುದ್ದಿ ತಲುಪುವುದೇ ಇಲ್ಲ. ಈ ಪ್ರಕಟಣೆಗಳು ಬರುವುದು 'ಎಂಪ್ಲಾಯ್‌ಮೆಂಟ್ ನ್ಯೂಸ್' ವಾರಪತ್ರಿಕೆಯಲ್ಲಿ. 1976ರಿಂದ ಬರುತ್ತಿದೆ. ಇಂಗ್ಲಿಷ್, ಹಿಂದಿ, ಉರ್ದುವಿನಲ್ಲಿದೆ, ಕನ್ನಡದಲ್ಲಿ ಇಲ್ಲ. ಅರ್ಜಿಗೆ ಸಾಮಾನ್ಯವಾಗಿ 21 ದಿನವೋ 30 ದಿನವೋ ಅವಧಿ. ಪಕ್ಕದ ಮನೆಯವರು ಹೇಳಿ ನಮಗೆ ಗೊತ್ತಾಗುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ನಿಮ್ಮ ಗ್ರಂಥಾಲಯಕ್ಕೆ ಆ ಪತ್ರಿಕೆ ತರಿಸಿ ಅಂತ ಪ್ರಾಂಶುಪಾಲರನ್ನು ಎಲ್ಲರ ಮುಂದೆಯೇ ಕೇಳಿಕೊಳ್ಳುತ್ತಿದ್ದೇನೆ.

ಈಗ ಪರೀಕ್ಷೆಗೆ ಬರೋಣ. ಒಂದೇ ಪರೀಕ್ಷೆ ಬರೆದರೆ ಎಲ್ಲ ಕಡೆಗೂ ಆಯ್ತು ಅನ್ನುವಂತಿಲ್ಲ. ನೌಕಾಪಡೆಯದ್ದು ಈಗ ಇನ್‌ಸೆಟ್ ಅನ್ನುವ ಹೆಸರಿನಲ್ಲಿ ಬರುತ್ತದೆ. ಇಂಡಿಯನ್ ನೇವಿ ಸಿವಿಲಿಯನ್ ಎಂಟ್ರೆನ್ಸ್ ಟೆಸ್ಟ್. 2023ರಲ್ಲಿ ಅದೊಂದರಲ್ಲೇ 910 ಹುದ್ದೆ ಕರೆದರು. ಅದರಲ್ಲಿ 610 ಟ್ರೇಡ್ಸ್‌ಮನ್ ಮೇಟ್. ನೂರು ಪ್ರಶ್ನೆ, ತೊಂಬತ್ತು ನಿಮಿಷ. ತರ್ಕ, ಲೆಕ್ಕ, ಇಂಗ್ಲಿಷ್, ಸಾಮಾನ್ಯ ಜ್ಞಾನ, ತಲಾ 25 ಪ್ರಶ್ನೆ. ಸೇನೆಗೆ ಸಾಮಾನು ಸರಬರಾಜು ಮಾಡುವ ಆರ್ಮಿ ಆರ್ಡನೆನ್ಸ್ ಕೋರ್, ಅಂದರೆ ಎಒಸಿ, ಸಿಕಂದರಾಬಾದಿನಿಂದ ತನ್ನ ಡಿಪೋಗಳಿಗೆಲ್ಲ ಒಟ್ಟಿಗೆ ಆಯ್ಕೆ ಮಾಡುತ್ತದೆ. ಡಿಆರ್‌ಡಿಒಗೆ ಸೆಪ್ಟಮ್ ಪರೀಕ್ಷೆ. 2022ರಲ್ಲಿ 1901 ಹುದ್ದೆಗೆ ಕರೆದಿದ್ದರು, ಅದರಲ್ಲಿ ಐಟಿಐನವರಿಗೆ ಅಂತಲೇ ಇರುವ ಟೆಕ್ನಿಷಿಯನ್ ಹುದ್ದೆ 826. ಗುಮಾಸ್ತರು, ಎಂಟಿಎಸ್ ಅನ್ನುವ ಕಚೇರಿ ಸಹಾಯಕರು, ಆಡಿಟರ್‌ಗಳು, ಎಂಇಎಸ್‌ನ ಜೂನಿಯರ್ ಎಂಜಿನಿಯರ್‌ಗಳು ಬರುವುದು ಎಸ್‌ಎಸ್‌ಸಿ, ಅಂದರೆ ಕೇಂದ್ರದ ಸ್ಟಾಫ್ ಸೆಲೆಕ್ಷನ್ ಕಮಿಷನ್ ಮೂಲಕ. ಇನ್ನು ಕೆಲವು ಯೂನಿಟ್‌ಗಳು ತಾವೇ ಅಂಚೆಯಲ್ಲಿ ಅರ್ಜಿ ತರಿಸಿಕೊಂಡು, ತಾವೇ ಪರೀಕ್ಷೆ ನಡೆಸುತ್ತವೆ.

ಇಲ್ಲಿ ಒಂದು ಮಾತು. ಎಸ್‌ಎಸ್‌ಸಿಯ ಎಂಟಿಎಸ್ ಪರೀಕ್ಷೆಯನ್ನು 2023ರಿಂದ ಕನ್ನಡದಲ್ಲೂ ಬರೆಯಬಹುದು. ಇದಕ್ಕಾಗಿ ಎಷ್ಟೋ ಜನ ವರ್ಷಗಟ್ಟಲೆ ಕೂಗಿದ್ದಾರೆ. ಬಳಸಿಕೊಳ್ಳಿ. ಬೇರೆ ಬಹುತೇಕ ಪರೀಕ್ಷೆಗಳಲ್ಲಿ ಈಗಲೂ ಹಿಂದಿ, ಇಂಗ್ಲಿಷ್ ಎರಡೇ.

ಲೆಕ್ಕದ ಮಟ್ಟ ಎಂಥದ್ದು ಅಂತ ಒಂದನ್ನು ಹೇಳಿ ತೋರಿಸುತ್ತೇನೆ. ಒಂದು ಪೈಪು ಟ್ಯಾಂಕನ್ನು 6 ಗಂಟೆಯಲ್ಲಿ ತುಂಬುತ್ತದೆ, ಇನ್ನೊಂದು 12 ಗಂಟೆಯಲ್ಲಿ. ಎರಡನ್ನೂ ಬಿಟ್ಟರೆ ಎಷ್ಟು ಹೊತ್ತು? ಎರಡನ್ನೂ ಗುಣಿಸಿ, 72. ಎರಡನ್ನೂ ಕೂಡಿಸಿ, 18. ಭಾಗಿಸಿ, 4 ಗಂಟೆ. ಇಷ್ಟೇ. ಹತ್ತನೇ ತರಗತಿಯ ಒಳಗಿನ ಲೆಕ್ಕ. ಆದರೆ ಒಂದು ಪ್ರಶ್ನೆಗೆ ಸಿಗುವುದು 54 ಸೆಕೆಂಡು. ಗೊತ್ತಿಲ್ಲದೆ ಸೋಲುವವರಿಗಿಂತ ಕೈ ಓಡದೆ ಸೋಲುವವರೇ ಜಾಸ್ತಿ. ಗಡಿಯಾರ ಎದುರಿಗಿಟ್ಟುಕೊಂಡು ದಿನಕ್ಕೆ ಐವತ್ತು ಲೆಕ್ಕ ಮಾಡಿ, ಮೂರು ತಿಂಗಳು. ಇಂಗ್ಲಿಷಿಗೆ ಹೆದರಿ ಆ 25 ಅಂಕವನ್ನು ಪೂರ್ತಿ ಬಿಟ್ಟು ಬರುವ ಹುಡುಗರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ಖಾಲಿ ಜಾಗ ತುಂಬುವುದು, ಅದೇ ಅರ್ಥದ ಪದ, ವಿರುದ್ಧ ಪದ, ತಪ್ಪು ಹುಡುಕುವುದು. ಇವು ಕಲಿತರೆ ಬರುವಂಥವು. ಇಂಗ್ಲಿಷ್ ಮಾತಾಡಲು ಬರಬೇಕಂತಿಲ್ಲ.

ಟ್ರೇಡ್ ಟೆಸ್ಟ್ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಅದು ನನ್ನ ಕ್ಷೇತ್ರ. ಹಲಗೆಯ ಮೇಲೆ ಮೆಟ್ಟಿಲು ದೀಪದ ವೈರಿಂಗ್ ಮಾಡಿ ಅಂತ ಕೊಡುತ್ತಾರೆ ಅಂದುಕೊಳ್ಳಿ. ಕೆಳಗಿನ ಸ್ವಿಚ್ಚಿನಿಂದ ಹಚ್ಚಿ, ಮೇಲಿನ ಸ್ವಿಚ್ಚಿನಿಂದ ಆರಿಸಬೇಕು. ನೀವೆಲ್ಲ ಹತ್ತು ಸಲ ಮಾಡಿದ್ದೀರಿ, ಅಲ್ವಾ? ದೀಪ ಹತ್ತಿದರೆ ಪಾಸು ಅಂದುಕೊಳ್ಳುತ್ತೀರಿ. ಪರೀಕ್ಷೆ ಮಾಡುವವನು ದೀಪವನ್ನು ಆಮೇಲೆ ನೋಡುತ್ತಾನೆ. ಮೊದಲು ನೋಡುವುದು ನಿಮ್ಮ ಕೈ. ವೈರು ಮುಟ್ಟುವ ಮುಂಚೆ ಟೆಸ್ಟರ್ ಇಟ್ಟನಾ? ಸ್ವಿಚ್ಚನ್ನು ಫೇಸ್‌ಗೆ ಹಾಕಿದನಾ, ನ್ಯೂಟ್ರಲ್‌ಗಾ? ಇನ್ಸುಲೇಷನ್ ಸುಲಿಯುವಾಗ ಒಳಗಿನ ತಾಮ್ರದ ಎಳೆ ಕತ್ತರಿಸಿಕೊಂಡನಾ? ಕೆಲಸ ಮುಗಿದ ಮೇಲೆ ಹಲಗೆಯ ಮೇಲಿನ ಚೂರುಗಳನ್ನು ಗುಡಿಸಿದನಾ? ನಾನು ಟ್ರೇಡ್ ಟೆಸ್ಟ್ ಕೊಟ್ಟ ದಿನ ಗಾಬರಿಯಲ್ಲಿ ದೀಪ ಹತ್ತಲೇ ಇಲ್ಲ. ಹೋಲ್ಡರಿನ ಸ್ಕ್ರೂ ಸಡಿಲವಿತ್ತು. ಮೇನ್ ಸ್ವಿಚ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಆಮೇಲೆ ಸ್ಕ್ರೂ ಬಿಗಿ ಮಾಡಿದೆ. "ಆಫ್ ಮಾಡಿ ಮುಟ್ಟಿದೆಯಲ್ಲ, ಅದು ಸಾಕು" ಅಂದರು ಎದುರಿಗಿದ್ದ ಸುಬೇದಾರರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಮೈಗೆ ಪರೀಕ್ಷೆ ಇರುವುದು ಕೆಲವು ಹುದ್ದೆಗೆ ಮಾತ್ರ. ಎಒಸಿಯ ಟ್ರೇಡ್ಸ್‌ಮನ್ ಮೇಟ್‌ಗೆ ಹುಡುಗರು ಒಂದೂವರೆ ಕಿಲೋಮೀಟರನ್ನು 6 ನಿಮಿಷದಲ್ಲಿ ಓಡಬೇಕು, 50 ಕಿಲೋ ಹೊತ್ತು 200 ಮೀಟರನ್ನು 100 ಸೆಕೆಂಡಿನಲ್ಲಿ ಮುಟ್ಟಬೇಕು. ಫೈರ್‌ಮನ್ ಪರೀಕ್ಷೆ ಇದಕ್ಕಿಂತ ಗಟ್ಟಿ. ಎತ್ತರ 165 ಸೆಂಟಿಮೀಟರ್ ಬೇಕು, ಎದೆ 81.5ರಿಂದ 85ಕ್ಕೆ ಹಿಗ್ಗಬೇಕು, ತೂಕ 50 ಕಿಲೋಗಿಂತ ಕಮ್ಮಿ ಇರಬಾರದು. 63.5 ಕಿಲೋ ತೂಕದ ಮನುಷ್ಯನನ್ನು ಹೆಗಲ ಮೇಲೆ ಹಾಕಿಕೊಂಡು 183 ಮೀಟರನ್ನು 96 ಸೆಕೆಂಡಿನಲ್ಲಿ ಓಡಬೇಕು. 2.7 ಮೀಟರ್ ಅಗಲದ ಹಳ್ಳ ಹಾರಬೇಕು. ನೆಟ್ಟಗೆ ತೂಗುವ ಹಗ್ಗವನ್ನು ಕೈಕಾಲು ಬಳಸಿ 3 ಮೀಟರ್ ಹತ್ತಬೇಕು.

ನಾನು ಇದನ್ನು ಮೈದಾನದ ಅಂಚಿನಲ್ಲಿ ನಿಂತು ನೋಡಿದ್ದೇನೆ. ಜಿಮ್ಮಿನಲ್ಲಿ ತೋಳು ಬೆಳೆಸಿದ್ದ ಹುಡುಗನೊಬ್ಬ ಅರ್ಧ ದಾರಿಯಲ್ಲಿ ಮಂಡಿ ಊರಿದ. ಹೊತ್ತ ಮನುಷ್ಯ ಬೆನ್ನ ಕೆಳಗೆ ಜಾರಿದ್ದ. ಅವನ ಹಿಂದೆ ಬಂದವನು ಸಣಕಲ. ಆದರೆ ಮೊದಲೇ ಬಗ್ಗಿ, ಭಾರವನ್ನು ಎರಡೂ ಹೆಗಲಿಗೆ ಸಮ ಹಂಚಿಕೊಂಡು, ಸಣ್ಣ ಸಣ್ಣ ಹೆಜ್ಜೆ ಹಾಕಿ ಮುಗಿಸಿಬಿಟ್ಟ. ಎಲ್ಲಿ ಕಲಿತೆ ಅಂತ ಕೇಳಿದೆ. ಮನೆಯಲ್ಲಿ ಭತ್ತದ ಮೂಟೆ ಹೊತ್ತು ಅಭ್ಯಾಸ ಅಂದ. ನಿಮ್ಮಲ್ಲಿ ಅರ್ಧ ಜನ ಹೊಲಗದ್ದೆಯವರು. ಈ ಹುದ್ದೆಗೆ ಹಾಕುವವರು ಇವತ್ತಿಂದಲೇ ಗೆಳೆಯನನ್ನು ಹೊತ್ತು ಅಭ್ಯಾಸ ಮಾಡಿ. ಮರಳಿನ ಚೀಲ ಬೇರೆ, ಮನುಷ್ಯ ಬೇರೆ.

ಇನ್ನು ಕಾಗದಪತ್ರ. ಇದನ್ನು ದಯವಿಟ್ಟು ಬರೆದುಕೊಳ್ಳಿ.

ಪರೀಕ್ಷೆಯಲ್ಲಿ ಗೆದ್ದು ಕಾಗದದಲ್ಲಿ ಸೋತವರು ಬಹಳ. ಮೊದಲನೆಯದು ಜಾತಿ ಪ್ರಮಾಣಪತ್ರ. ನಮ್ಮಲ್ಲಿ 2ಎ, 3ಎ ಅಂತ ರಾಜ್ಯದ ಪಟ್ಟಿ ಇದೆ. ಸೇನೆಯ ಸಿವಿಲಿಯನ್ ಹುದ್ದೆಗೆ ಅದು ನಡೆಯುವುದಿಲ್ಲ. ಕೇಂದ್ರ ಸರ್ಕಾರದ ಒಬಿಸಿ ಪಟ್ಟಿಯೇ ಬೇರೆ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಅದರಲ್ಲಿಲ್ಲ. ಇದ್ದರೂ, ಕೇಂದ್ರದ ನಮೂನೆಯಲ್ಲೇ, ಕೆನೆಪದರದಲ್ಲಿ ಇಲ್ಲ ಅಂತ ಬರೆದ ಪ್ರಮಾಣಪತ್ರ ಬೇಕು. ನಾಡಕಚೇರಿಯಲ್ಲಿ ಸುಮ್ನೆ "ಜಾತಿ ಸರ್ಟಿಫಿಕೇಟ್ ಕೊಡಿ" ಅಂದರೆ ರಾಜ್ಯದ್ದು ಕೊಡುತ್ತಾರೆ, ಅವರ ತಪ್ಪಲ್ಲ. "ಕೇಂದ್ರ ಸರ್ಕಾರದ ಕೆಲಸಕ್ಕೆ" ಅಂತ ಬಾಯಿಬಿಟ್ಟು ಹೇಳಬೇಕು. ನನ್ನ ಅಕ್ಕನ ಮಗ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ್ದ. ದಾಖಲೆ ಪರಿಶೀಲನೆಯ ದಿನ ಕೈಯಲ್ಲಿ ಇದ್ದದ್ದು ರಾಜ್ಯದ ನಮೂನೆ. ಮೂರು ದಿನದ ಗಡುವು ಕೊಟ್ಟರು. ಅಷ್ಟರಲ್ಲಿ ಆಗಲಿಲ್ಲ. ಮುಂದಿನ ಸಲ ಪ್ರಕಟಣೆ ಬರುವ ಹೊತ್ತಿಗೆ ಅವನ ವಯಸ್ಸು ಮೀರಿತ್ತು. ನಾನು ಅದೇ ಇಲಾಖೆಯಲ್ಲಿದ್ದೂ ಅವನಿಗೆ ಮೊದಲೇ ಹೇಳಲಿಲ್ಲವಲ್ಲ ಅನ್ನುವ ನೋವು ಇನ್ನೂ ಇದೆ. ಇವತ್ತು ಇಲ್ಲಿಗೆ ಬಂದದ್ದಕ್ಕೆ ಅದೂ ಒಂದು ಕಾರಣ.

ವಯಸ್ಸಿನ ಮಾತು ಬಂತಲ್ಲ. ಮೇಟ್, ಫೈರ್‌ಮನ್ ಹುದ್ದೆಗೆ ಬಹುಪಾಲು 18ರಿಂದ 25, ಗುಮಾಸ್ತರಿಗೆ 27ರ ತನಕ. ಒಬಿಸಿಗೆ 3 ವರ್ಷ, ಎಸ್‌ಸಿ ಎಸ್‌ಟಿಗೆ 5 ವರ್ಷ ಸಡಿಲಿಕೆ, ಅದೂ ಆಯಾ ವರ್ಗಕ್ಕೆ ಮೀಸಲಾದ ಹುದ್ದೆ ಇದ್ದರೆ. ಐಟಿಐ ಮುಗಿಸಿ ನಾಲ್ಕು ವರ್ಷ "ನೋಡೋಣ" ಅಂತ ಕೂತರೆ ಬಾಗಿಲು ಮುಚ್ಚುತ್ತದೆ. ಆ ಸಮಯದಲ್ಲಿ ಅಪ್ರೆಂಟಿಸ್ ಆಗಿ. ಕಾರವಾರದ ಹಡಗು ರಿಪೇರಿ ಯಾರ್ಡಿನಲ್ಲಿ ಐಟಿಐನವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತಾರೆ. ಅಪ್ರೆಂಟಿಸ್ ಮುಗಿದರೆ ಕೆಲಸ ಸಿಕ್ಕೇ ಸಿಗುತ್ತದೆ ಅಂತಲ್ಲ. ಆದರೆ ನೌಕಾಪಡೆಯ ಯಾರ್ಡುಗಳ ನುರಿತ ಕೆಲಸಗಾರರ ಹುದ್ದೆಗಳಿಗೆ ಅಂಥ ಅಪ್ರೆಂಟಿಸ್ ತರಬೇತಿಯನ್ನೇ ಕೇಳುವುದುಂಟು.

ಅಂಚೆಯಲ್ಲಿ ಕಳಿಸುವ ಅರ್ಜಿಯ ಲಕೋಟೆಯ ಮೇಲೆ ಯಾವ ಹುದ್ದೆಗೆ ಅಂತ ದೊಡ್ಡದಾಗಿ ಬರೆಯಿರಿ. ಉತ್ತರಕ್ಕೆ ನಿಮ್ಮ ವಿಳಾಸ ಬರೆದು ಸ್ಟಾಂಪು ಹಚ್ಚಿದ ಇನ್ನೊಂದು ಲಕೋಟೆ ಕೇಳಿದ್ದರೆ ಅದನ್ನು ಒಳಗಿಡಿ. ಫೋಟೋ ಮೇಲೆ ಸಹಿ ಕೇಳಿದ್ದರೆ ಹಾಕಿ. ಇದೆಲ್ಲ ಸಣ್ಣದು ಅನ್ನಿಸುತ್ತದೆ. ಅರ್ಜಿ ಬಿಡಿಸುವ ಮೇಜಿನ ಮುಂದೆ ಚೀಲಗಟ್ಟಲೆ ಲಕೋಟೆ ಬಿದ್ದಿರುತ್ತದೆ. ಸರಿಯಿಲ್ಲದ್ದನ್ನು ಪಕ್ಕಕ್ಕೆ ಹಾಕುತ್ತಾರೆ, ಮತ್ತೆ ಕೈಗೆತ್ತಿಕೊಳ್ಳುವುದಿಲ್ಲ.

ಸಂಬಳ ಎಷ್ಟು ಅಂತ ಕೇಳಬೇಕು ಅಂತಿದ್ದೀರಿ, ಮುಖದಲ್ಲೇ ಕಾಣುತ್ತಿದೆ. ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಮೇಟ್ ಸೇರುವುದು ಲೆವೆಲ್ 1ಕ್ಕೆ, ಮೂಲ ವೇತನ 18,000. ತುಟ್ಟಿಭತ್ಯೆ 2024ರ ಜನವರಿಯಿಂದ ಶೇಕಡಾ 50 ಆಯಿತು. ಅದನ್ನೇ ಹಿಡಿದು ಲೆಕ್ಕ ಹಾಕಿ: 9,000. ಬೆಂಗಳೂರಿನಲ್ಲಿ ಮನೆ ಬಾಡಿಗೆ ಭತ್ಯೆ ಶೇಕಡಾ 30, ಅಂದರೆ 5,400. ಓಡಾಟದ ಭತ್ಯೆ ಎರಡು ಸಾವಿರದ ಆಸುಪಾಸು. ಒಟ್ಟು 34,400 ಆಯಿತು. ಇದು ಹತ್ತನೇ ತರಗತಿ ಓದಿನ ಹುದ್ದೆ. ಮೈಸೂರು, ಮಂಗಳೂರು, ಬೆಳಗಾವಿಯಲ್ಲಿ ಬಾಡಿಗೆ ಭತ್ಯೆ ಶೇಕಡಾ 20. ತುಟ್ಟಿಭತ್ಯೆಯನ್ನು ವರ್ಷಕ್ಕೆರಡು ಸಲ, ಜನವರಿ ಮತ್ತು ಜುಲೈಗೆ, ಪರಿಷ್ಕರಿಸುತ್ತಾರೆ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಮೇಲೆ ಹೋಗುವ ದಾರಿ. ಟ್ರೇಡ್ ಟೆಸ್ಟ್ ಪಾಸಾಗಿ ಸ್ಕಿಲ್ಡ್ ಆದರೆ ಲೆವೆಲ್ 2, ಮೂಲ ವೇತನ 19,900ರಿಂದ. ಆಮೇಲೆ ಹೈಲಿ ಸ್ಕಿಲ್ಡ್ ಎರಡು ಮೆಟ್ಟಿಲು, ಲೆವೆಲ್ 4 ಮತ್ತು 5. ಕೊನೆಗೆ ಮಾಸ್ಟರ್ ಕ್ರಾಫ್ಟ್ಸ್‌ಮನ್, ಲೆವೆಲ್ 6, 35,400ರಿಂದ. ಡಿಪ್ಲೊಮಾ ಓದಿ ಸೀದಾ ಜೂನಿಯರ್ ಎಂಜಿನಿಯರ್ ಆಗಿ ಬರುವವರು ಸೇರುವುದೂ ಅದೇ ಲೆವೆಲ್ಲಿಗೆ. ಬಡ್ತಿ ನಿಧಾನ, ಸುಳ್ಳು ಹೇಳುವುದಿಲ್ಲ. ಖಾಲಿ ಜಾಗ ಆಗುವ ತನಕ ಕಾಯಬೇಕು. ಬಡ್ತಿ ಸಿಗದೆ ಉಳಿದರೂ 10, 20, 30 ವರ್ಷಕ್ಕೆ ಸಂಬಳವನ್ನಾದರೂ ಒಂದೊಂದು ಮೆಟ್ಟಿಲು ಏರಿಸುತ್ತಾರೆ.

ಪಿಂಚಣಿ ವಿಷಯದಲ್ಲಿ ನಿಮಗೂ ನನಗೂ ವ್ಯತ್ಯಾಸ ಇದೆ. ನಾನು 2004ಕ್ಕೆ ಮುಂಚೆ ಸೇರಿದವನು, ಹಳೇ ಪಿಂಚಣಿ ಸಿಗುತ್ತದೆ. ಕಾಯಂ ಸೈನಿಕರಿಗೆ ಈಗಲೂ ಹಳೇದೇ. ನಿಮಗೆ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ), ಇಲ್ಲವೇ 2025ರ ಏಪ್ರಿಲ್ 1ರಿಂದ ಬಂದ ಯುಪಿಎಸ್ (ಏಕೀಕೃತ ಪಿಂಚಣಿ ಯೋಜನೆ). ಯುಪಿಎಸ್ ಆರಿಸಿಕೊಂಡು 25 ವರ್ಷ ದುಡಿದರೆ ಕೊನೆಯ 12 ತಿಂಗಳ ಮೂಲ ವೇತನದ ಸರಾಸರಿಯಲ್ಲಿ ಅರ್ಧ ಸಿಗುತ್ತದೆ. ಕನಿಷ್ಠ 10 ವರ್ಷ ಆಗಿದ್ದರೆ ತಿಂಗಳಿಗೆ 10,000ಕ್ಕೆ ಕಮ್ಮಿ ಇಲ್ಲ. ಸೇರಿದ ಮೇಲೆ ಈ ಆಯ್ಕೆಯ ಫಾರಂ ಕೊಟ್ಟಾಗ ಪಕ್ಕದವನು ಬರೆದದ್ದನ್ನೇ ನೋಡಿ ಬರೆಯಬೇಡಿ. ಕೂತು ಓದಿ.

ಆಸ್ಪತ್ರೆ ಖರ್ಚು, ಮಕ್ಕಳ ಓದಿನ ಭತ್ಯೆ, ಊರಿಗೆ ಹೋಗಿ ಬರುವ ಎಲ್‌ಟಿಸಿ, ಕ್ಯಾಂಟೀನ್ ಕಾರ್ಡ್, ಇವೆಲ್ಲ ಇವೆ.

ಕಷ್ಟವನ್ನೂ ಹೇಳಲೇಬೇಕು. ನೇಮಕದ ಪತ್ರದಲ್ಲಿ ಭಾರತದ ಎಲ್ಲಿಗಾದರೂ ಕಳಿಸಬಹುದು ಅಂತ ಬರೆದಿರುತ್ತದೆ. ನೌಕಾಪಡೆ ಅಂದರೆ ಮುಂಬೈ, ವಿಶಾಖಪಟ್ಟಣ, ಅಂಡಮಾನಿಗೂ ಹೋಗಬೇಕಾಗಬಹುದು. ಪಂಪ್‌ಹೌಸ್, ಸಬ್‌ಸ್ಟೇಷನ್, ಫೈರ್ ಸ್ಟೇಷನ್ ಕೆಲಸದಲ್ಲಿ ಹಬ್ಬದ ದಿನವೂ ಪಾಳಿ ಇರುತ್ತದೆ. ನನ್ನ ಮಗಳು ಹುಟ್ಟಿದ ರಾತ್ರಿ ನಾನು ಸಬ್‌ಸ್ಟೇಷನ್ನಿನಲ್ಲಿದ್ದೆ.

ಹಳೇ ಗೈಡ್ ಪುಸ್ತಕಗಳನ್ನು ನಂಬಬೇಡಿ. ಆರ್ಡನೆನ್ಸ್ ಫ್ಯಾಕ್ಟರಿ ಬೋರ್ಡ್ ಅಂತ ಈಗಲೂ ಅಚ್ಚು ಹಾಕುತ್ತಾರೆ. ಆ ಬೋರ್ಡಿನ ಕೆಳಗಿದ್ದ 41 ರಕ್ಷಣಾ ಕಾರ್ಖಾನೆಗಳು 2021ರ ಅಕ್ಟೋಬರ್ 1ರಿಂದ 7 ಕಂಪನಿಗಳಾಗಿವೆ. ಎಚ್‌ಎಎಲ್, ಬಿಇಎಲ್, ಬಿಇಎಂಎಲ್ ಕೂಡ ಕಂಪನಿಗಳೇ. ಒಳ್ಳೆಯ ಕೆಲಸಗಳೇ, ಆದರೆ ನಾನು ಹೇಳುತ್ತಿರುವ ಹುದ್ದೆಗಳು ಅವಲ್ಲ. ಅವುಗಳ ನಿಯಮ ಬೇರೆ.

ಇನ್ನೊಂದು ವಿಷಯ, ಇದು ನಿಮ್ಮ ಅಪ್ಪ ಅಮ್ಮನಿಗೂ ಹೇಳಿ. ಕಂಟೋನ್ಮೆಂಟಿನ ಗೇಟಿನ ಹತ್ತಿರ ಚಹಾ ಅಂಗಡಿಯಲ್ಲಿ ಒಬ್ಬ ಸಿಗುತ್ತಾನೆ. ಕ್ರಾಪು ಮಿಲಿಟರಿಯದು, ಮಾತು ಮಿಲಿಟರಿಯದು. "ಇಂಟರ್‌ವ್ಯೂನಲ್ಲಿ ನಾನು ನೋಡ್ಕೋತೀನಿ, ನಾಲ್ಕು ಲಕ್ಷ ರೆಡಿ ಮಾಡಿ" ಅನ್ನುತ್ತಾನೆ. 2016ರ ಜನವರಿ 1ರಿಂದ ಈ ಕೆಳಹಂತದ ಕೇಂದ್ರ ಹುದ್ದೆಗಳಿಗೆ ಇಂಟರ್‌ವ್ಯೂ ಅನ್ನುವುದೇ ಇಲ್ಲ. ಇಲ್ಲದ ಇಂಟರ್‌ವ್ಯೂಗೆ ಜಮೀನು ಅಡವಿಟ್ಟವರನ್ನು ನಾನು ಕಂಡಿದ್ದೇನೆ. ಒಬ್ಬ ತಂದೆ ನಕಲಿ ನೇಮಕ ಪತ್ರ ಹಿಡಿದು ನಮ್ಮ ಆಫೀಸಿನ ಬಾಗಿಲಿಗೇ ಬಂದಿದ್ದರು, ಮಗನ ಟ್ರಂಕು ಸಮೇತ. ಆ ಪತ್ರದ ಮೇಲೆ ಸಿಂಹದ ಮುದ್ರೆ ಅಚ್ಚುಕಟ್ಟಾಗಿತ್ತು. ನಮ್ಮಲ್ಲಿ ಅಂಥ ಹುದ್ದೆಯೇ ಇರಲಿಲ್ಲ. ಅದನ್ನು ಅವರಿಗೆ ಹೇಳಬೇಕಾದವನು ನಾನಾಗಿದ್ದೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಒಂದನ್ನು ಇಲ್ಲಿ ಸೇರಿಸುತ್ತೇನೆ. ಹಿಂದಿನ ಸಾಲಿನಲ್ಲಿದ್ದ ಹುಡುಗಿ ಎದ್ದು ನಿಂತಳು. ಇಡೀ ತರಗತಿಯಲ್ಲಿ ವೈರ್‌ಮನ್ ಟ್ರೇಡ್ ಓದುತ್ತಿರುವ ಹುಡುಗಿ ಅವಳೊಬ್ಬಳೇ ಅಂತೆ. "ಸರ್, ನಾವೂ ಹಾಕಬಹುದಾ? ಕಂಬ ಹತ್ತಿಸ್ತಾರಾ?"

"ಹಾಕಬಹುದಮ್ಮ" ಅಂದೆ. "ಕಂಬಾನೂ ಹತ್ತಿಸ್ತಾರೆ. ಹೆರಿಗೆಗೆ 180 ದಿನ ಸಂಬಳದ ರಜೆ ಇದೆ, ಮಕ್ಕಳನ್ನು ನೋಡಿಕೊಳ್ಳೋಕೆ ಇಡೀ ಸರ್ವಿಸಿನಲ್ಲಿ 730 ದಿನ ಬೇರೆ ಇದೆ. ನಿನಗೀಗ ಎಷ್ಟು ವಯಸ್ಸು?"

"ಹತ್ತೊಂಬತ್ತು ಸರ್."

"ಸರ್ಟಿಫಿಕೇಟು?"

"ಜಾತಿದು ಇದೆ. ಆದ್ರೆ ನೀವು ಹೇಳಿದ್ದು ಅಲ್ಲ ಅನ್ಸುತ್ತೆ."

ಕೇಂದ್ರದ ನಮೂನೆಯ ಪ್ರತಿಗಳನ್ನು ನಾನು ಚೀಲದಲ್ಲಿ ತಂದಿದ್ದೆ. ಒಂದನ್ನು ಅವಳ ಕೈಗೆ ಕೊಟ್ಟೆ. ಮೇಲಿನ ಸಾಲಿನಲ್ಲಿ ಕೇಂದ್ರ ಸರ್ಕಾರದ ಹುದ್ದೆಗಳಿಗೆ ಅಂತ ಬರೆದಿರುವ ಜಾಗಕ್ಕೆ ಪೆನ್ಸಿಲಿನಿಂದ ಗೆರೆ ಎಳೆದು ತೋರಿಸಿದೆ. ಉಳಿದವರೂ ಮೇಜಿನ ಸುತ್ತ ಸೇರಿದರು. ಕನ್ನಡಕದ ಹುಡುಗನೂ ಇದ್ದ. ಬರುವ ಶನಿವಾರ ಮಾರ್ಕ್ಸ್ ಕಾರ್ಡ್, ಆಧಾರ್, ನಾಲ್ಕು ಫೋಟೋ ತನ್ನಿ, ಒಂದು ಅರ್ಜಿಯನ್ನು ಇಲ್ಲೇ ಕೂತು ಒಟ್ಟಿಗೆ ತುಂಬೋಣ ಅಂತ ಹೇಳಿ ಬಂದಿದ್ದೇನೆ.